ವಿದ್ಯಾಸಂಸ್ಥೆಯ ಜಾಲತಾಣ: ಕಾರ್ಯಮಂಡಲಿ ಮತ್ತು ಕಾಲಯೋಜನೆ

ನಮ್ಮ ವಿದ್ಯಾಸಂಸ್ಥೆಗೆ ಒಂದು ಜಾಲತಾಣವಿರಬೇಕೆಂಬ ಮಾತು ಹಳೆಯ ವಿದ್ಯಾರ್ಥಿಗಳ ಸಭೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಿಂದ ಬಂದು ಇಲ್ಲಿ ಓದಿ, ಇಂದು ದೂರದ ನಗರಗಳಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿರುವವರು ತಮ್ಮ ಶಾಲೆಯ ಹಳೆಯ ಸಂಚಿಕೆಗಳನ್ನೂ ಗುರುಗಳ ಭಾವಚಿತ್ರಗಳನ್ನೂ ಇದ್ದಲ್ಲಿಯೇ ನೋಡಬಯಸುವುದು ಸಹಜವೇ ಆಗಿದೆ. ದಾನಿಗಳು ಧನಸಹಾಯಕ್ಕೆ ಸಿದ್ಧರಿದ್ದಾರೆ. ಕಂಪ್ಯೂಟರಿನ ಕೆಲಸ ಬಲ್ಲ ತರುಣರಿಗೂ ಕೊರತೆಯಿಲ್ಲ. ಹೀಗಿರುವಲ್ಲಿ ವ್ಯಾಕರಣ ಛಂದಸ್ಸುಗಳ ಪಾಠ ಹೇಳಿಕೊಂಡು ಬಂದ ಪಂಡಿತನೊಬ್ಬನು ಈ ವಿಷಯದಲ್ಲಿ ಲೇಖನಿಯನ್ನೆತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು.

ಆದರೆ ಜಾಲತಾಣವೆಂಬುದು ಯಂತ್ರದಿಂದ ಲೋಕಕ್ಕೆ ತಲುಪುವ ವಸ್ತುವೇ ಹೊರತು ಯಂತ್ರವೇ ಅಲ್ಲ. ಅದರ ಒಡಲಲ್ಲಿರುವುದು ಬರಹ, ಚಿತ್ರ ಮತ್ತು ಹೆಸರುಗಳು. ಅವುಗಳನ್ನು ಕೂಡಿಹಾಕುವುದು, ಶುದ್ಧಗೊಳಿಸುವುದು, ಕ್ರಮದಲ್ಲಿಡುವುದು ಗ್ರಂಥಸಂಪಾದನೆಯ ಕಾರ್ಯವೇ ಸರಿ. ತಾಳೆಯ ಗರಿಗಳನ್ನು ಬಿಡಿಸಿ, ಪ್ರತಿಗಳನ್ನು ತಾಳೆನೋಡಿ, ಪಾಠವನ್ನು ನಿರ್ಣಯಿಸುವಲ್ಲಿ ಯಾವ ತಾಳ್ಮೆ ಬೇಕೋ ಅದೇ ತಾಳ್ಮೆ ಇಲ್ಲಿಯೂ ಬೇಕು. ಆದುದರಿಂದ ಇಂಥ ಕಾರ್ಯಕ್ಕೆ ಎಷ್ಟು ಜನ ಬೇಕು, ಯಾರ ಹೊಣೆ ಯಾವುದು, ಯಾವ ಕೆಲಸ ಮೊದಲು ಯಾವುದು ಅನಂತರ ಎಂಬುದನ್ನು ಯಥಾಮತಿ ವಿವರಿಸುವುದು ಈ ಲೇಖನದ ಉದ್ದೇಶ.

ಹಿರಿಯರ ಮೇಲ್ಪಂಕ್ತಿ

ದೊಡ್ಡ ಸಂಗ್ರಹಕಾರ್ಯಗಳು ನಮ್ಮ ನಾಡಿಗೆ ಹೊಸವೇನಲ್ಲ. ವಚನಪಿತಾಮಹರೆಂದು ನಾಡು ಕೊಂಡಾಡುವ ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಡವೋಲೆಗಳನ್ನು ಸಂಗ್ರಹಿಸಿದರು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟವಾದುದು 1923ರಲ್ಲಿ. ಮುಂದೆ ಸ್ವಂತ ಮುದ್ರಣಾಲಯವನ್ನೇ ಸ್ಥಾಪಿಸಿ, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿ, ಬಾಳನ್ನೆಲ್ಲ ಅದಕ್ಕೇ ಸವೆಸಿದರು. ಅದು ಒಬ್ಬರೇ ಒಂದು ಸಂಸ್ಥೆಯಾಗಿ ದುಡಿದ ಕಥೆ. ಅಂಥ ತ್ಯಾಗ ಎಲ್ಲರಿಗೂ ಸಾಧ್ಯವಿಲ್ಲ. ಅಂಥವರನ್ನೇ ನಂಬಿ ಯೋಜನೆ ಹಾಕುವುದೂ ಯುಕ್ತವಲ್ಲ.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕಾರ್ಯ ಇನ್ನೊಂದು ಬಗೆಯದು. ಅದು 1944ರಲ್ಲಿ ಆರಂಭವಾಯಿತು. ಮೊದಲ ಸಂಪುಟ ಹೊರಬಂದುದು 1970ರಲ್ಲಿ. ಎಂಟನೆಯ ಸಂಪುಟದೊಂದಿಗೆ ಅದು ಪೂರ್ಣವಾದುದು 1995ರಲ್ಲಿ. ಕಾವ್ಯಗಳಿಂದಲೂ ಶಾಸನಗಳಿಂದಲೂ ಒಂದೊಂದು ಪ್ರಯೋಗವನ್ನು ಆಯ್ದು ಚೀಟಿಯಲ್ಲಿ ಬರೆದು, ಅಕಾರಾದಿಯಾಗಿ ಜೋಡಿಸುವ ಕೆಲಸಕ್ಕೇ ವರ್ಷಗಳು ಹಿಡಿದವು. ಕೆಲಸ ಮಾಡುತ್ತಿದ್ದವರು ಬದಲಾದರೂ ಚೀಟಿಯ ಕ್ರಮ ಬದಲಾಗಲಿಲ್ಲ. ಐವತ್ತು ವರ್ಷ ನಡೆದ ಕಾರ್ಯ ನಡುವೆ ನಿಲ್ಲದೆ ದಡ ಸೇರಿದುದಕ್ಕೆ ಆ ಕ್ರಮವೇ ಮುಖ್ಯ ಕಾರಣವೆಂದು ನನ್ನ ಭಾವನೆ.

ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು 1993ರಲ್ಲಿ ಹೊರತಂದ ಹದಿನೈದು 'ಸಮಗ್ರ ವಚನ ಸಂಪುಟ'ಗಳಲ್ಲಿ ಮೂರನೆಯ ಮಾದರಿಯುಂಟು. ಎಂ. ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರು; ಸಂಪುಟಗಳ ಹೊಣೆ ಬೇರೆ ಬೇರೆ ವಿದ್ವಾಂಸರದು; ಸಂಪಾದನೆಯ ಸೂತ್ರ ಎಲ್ಲರಿಗೂ ಒಂದೇ. ಕೆಲಸವನ್ನು ಹಂಚುವುದು, ಸೂತ್ರವನ್ನು ಹಂಚದಿರುವುದು: ಇದೇ ಅದರ ರಹಸ್ಯ.

ಅದೇ ವಚನರಾಶಿ ಮುಂದೆ 'ವಚನ ಸಂಚಯ'ವೆಂಬ ಜಾಲತಾಣವಾಗಿ ರೂಪುಗೊಂಡಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಯಾವುದೊಂದು ಪದ ಎಲ್ಲೆಲ್ಲಿ ಬಂದಿದೆಯೆಂಬುದನ್ನು ಅಲ್ಲಿ ಕ್ಷಣದಲ್ಲಿ ಕಾಣಬಹುದು. ತಂತ್ರಜ್ಞಾನ ಬಲ್ಲ ಕೆಲವೇ ತರುಣರು ಬಿಡುವಿನ ವೇಳೆಯಲ್ಲಿ ದುಡಿದರು, ಓ. ಎಲ್. ನಾಗಭೂಷಣಸ್ವಾಮಿಯವರಂಥ ವಿದ್ವಾಂಸರು ಮಾರ್ಗದರ್ಶನ ನೀಡಿದರು. ನಮ್ಮ ನೆರೆಯ ಸಿರಿಗೆರೆಯಲ್ಲಿ ತರಳಬಾಳು ಬೃಹನ್ಮಠದ ಶ್ರೀ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಪಾಣಿನಿಯ ಸೂತ್ರಗಳನ್ನು ಕಂಪ್ಯೂಟರಿಗೆ ಅಳವಡಿಸಿ 'ಗಣಕಾಷ್ಟಾಧ್ಯಾಯಿ'ಯನ್ನು ರೂಪಿಸಿದುದೂ ವಾಚಕರಿಗೆ ತಿಳಿದ ವಿಷಯವೇ. ಪಾಂಡಿತ್ಯವೂ ತಂತ್ರವೂ ಒಂದೇ ಪಂಕ್ತಿಯಲ್ಲಿ ಕುಳಿತಾಗ ಮಾತ್ರ ಇಂಥ ಕಾರ್ಯಗಳು ಸಿದ್ಧಿಸುತ್ತವೆಂಬುದಕ್ಕೆ ಇವೆರಡೂ ಸಾಕ್ಷಿ.

ಒಂದು ಕಹಿ ಅನುಭವ

ಮೇಲ್ಪಂಕ್ತಿಯನ್ನು ಹೇಳಿದ ಮೇಲೆ ತಪ್ಪಿದ ದಾರಿಯನ್ನೂ ಹೇಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಬೇರೊಂದು ಸಂಸ್ಥೆಯ ಜಾಲತಾಣ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಸಮಿತಿಯಲ್ಲಿ ಹದಿನಾಲ್ಕು ಮಂದಿ. ಮೊದಲ ಸಭೆಯಲ್ಲಿಯೇ ಮುಖಪುಟದ ಬಣ್ಣ ಯಾವುದಿರಬೇಕೆಂಬ ಚರ್ಚೆ ಎರಡು ಗಂಟೆ ನಡೆಯಿತು. ವಿಷಯಸಂಗ್ರಹವನ್ನು 'ಎಲ್ಲರೂ ಸೇರಿ' ಮಾಡುವುದೆಂದು ನಿರ್ಣಯವಾಯಿತು. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲವೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಅನುಸ್ವಾರ, ವಿರಾಮಚಿಹ್ನೆಗಳ ಏಕರೂಪತೆಗಾಗಿ ಹಟ ಹಿಡಿದು ಕರಡನ್ನು ಎರಡು ತಿಂಗಳು ನನ್ನ ಮೇಜಿನ ಮೇಲೆಯೇ ಇಟ್ಟುಕೊಂಡವನು ನಾನು. ನಿಯಮಗಳನ್ನು ಮೊದಲೇ ಬರೆದುಕೊಟ್ಟಿದ್ದರೆ ಆ ವಿಳಂಬ ಆಗುತ್ತಿರಲಿಲ್ಲ. ಆ ದೋಷ ನನ್ನದೇ.

ಹೇಗೋ ತಾಣ ಉದ್ಘಾಟನೆಯಾಯಿತು. ಹಾರ ತುರಾಯಿಗಳೂ ಆದವು. ತಾಣದ ಹೆಸರನ್ನು ಅದನ್ನು ರೂಪಿಸಿದ ತರುಣನು ತನ್ನ ಹೆಸರಿನಲ್ಲಿಯೇ ನೋಂದಾಯಿಸಿದ್ದನು. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಬೇರೆ ಯಾರೂ ಮುಂದೆ ಬಂದಿರಲಿಲ್ಲ, ಅಷ್ಟೆ. ಆತನು ಉದ್ಯೋಗನಿಮಿತ್ತ ದೂರದ ಊರಿಗೆ ಹೋದನು. ನೋಂದಣಿಯನ್ನು ನವೀಕರಿಸಬೇಕೆಂಬ ಸೂಚನೆ ಆತನು ಬಳಸದೆ ಬಿಟ್ಟಿದ್ದ ಮಿಂಚಂಚೆಗೆ ಬಂದು ಬಿದ್ದಿತ್ತು. ಅವಧಿ ತೀರಿತು. ಆ ವಿಳಾಸದಲ್ಲಿ ಇನ್ನಾವುದೋ ವ್ಯಾಪಾರದ ಜಾಹೀರಾತು ಕಾಣಿಸಿಕೊಂಡಿತು. ಬಾಡಿಗೆಯ ಸರ್ವರಿನಲ್ಲಿದ್ದ ಚಿತ್ರಗಳೂ ಅಳಿದವು. ಮೂಲಚಿತ್ರಗಳನ್ನು ಅದಕ್ಕೆ ಮೊದಲೇ ಅವರವರ ಮನೆಗಳಿಗೆ ಹಿಂದಿರುಗಿಸಲಾಗಿತ್ತು; ಯಾರದು ಯಾವುದೆಂಬ ಪಟ್ಟಿಯಿರಲಿಲ್ಲ. ನನಗೆ ಶಬ್ದಮಣಿದರ್ಪಣದ ಪಾಠ ಹೇಳಿದ ಗುರುಗಳ ಒಂದು ಚಿತ್ರ ಅದರಲ್ಲಿತ್ತು. ಅದು ಮತ್ತೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಈ ಪ್ರಸಂಗವನ್ನು ಹೇಳಿದುದು ಯಾರನ್ನೂ ದೂಷಿಸಲಿಕ್ಕಲ್ಲ. ಅಲ್ಲಿ ಹಣಕ್ಕೂ ಉತ್ಸಾಹಕ್ಕೂ ಬುದ್ಧಿಗೂ ಕೊರತೆಯಿರಲಿಲ್ಲ. ಇಲ್ಲದಿದ್ದುದು ಹೊಣೆಯ ಹಂಚಿಕೆ ಮತ್ತು ಕಾಲದ ಕ್ರಮ, ಇವೆರಡೇ.

ಕಾರ್ಯಮಂಡಲಿ ಹೇಗಿರಬೇಕು

ಮೊದಲನೆಯದಾಗಿ, ಮಂಡಲಿ ಚಿಕ್ಕದಿರಬೇಕು. ಐವರಿರುವಲ್ಲಿ ಇಬ್ಬಿಬ್ಬರ ನಡುವೆ ಮಾತು ತಿಳಿಯಬೇಕಾದ ಜೋಡಿಗಳು ಹತ್ತು. ಹದಿನಾಲ್ವರಿರುವಲ್ಲಿ ಆ ಜೋಡಿಗಳು ತೊಂಬತ್ತೊಂದು! ಜನ ಮೂರುಪಟ್ಟಿಗಿಂತ ಕಡಿಮೆ ಹೆಚ್ಚಿದರೆ ಮಾತು ಒಂಬತ್ತುಪಟ್ಟಾಯಿತು. ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿ ದೊಡ್ಡ ಕಾರ್ಯಗಳನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸ್ ಎಂಬವರು 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಲೆಕ್ಕವನ್ನು ತೋರಿಸಿ, ತಡವಾದ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುವುದೆಂದು ಎಚ್ಚರಿಸಿದ್ದಾರೆ. ಹೊಸಬರಿಗೆ ಕಲಿಸಲು ಹಳಬರೇ ಕೆಲಸ ಬಿಟ್ಟು ಕೂರಬೇಕಾಗುವುದಷ್ಟೆ.

ಆದುದರಿಂದ ನಡುಮಂಡಲಿಯಲ್ಲಿ ಐವರು ಸಾಕು.

ಒಬ್ಬರು ಸಂಯೋಜಕರು. ಯಾವ ಕೆಲಸ ಎಲ್ಲಿಗೆ ಬಂದಿದೆಯೆಂಬುದನ್ನು ವಾರಕ್ಕೊಮ್ಮೆ ಕೇಳಿ ಬರೆದಿಡುವುದು, ತಡೆಯಿದ್ದಲ್ಲಿ ನಿವಾರಿಸುವುದು ಇವರ ಕೆಲಸ. ಇವರು ಕಂಪ್ಯೂಟರ್ ಪಂಡಿತರಾಗಿರಬೇಕಿಲ್ಲ. ಎಲ್ಲರೂ ಮಾತಿಗೆ ಬೆಲೆ ಕೊಡುವಂಥವರಾಗಿರಬೇಕು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಸರ್ವಥಾ ಯೋಗ್ಯರು.

ಎರಡನೆಯವರು ಸಂಪಾದಕರು. ಏನು ಸೇರಬೇಕು, ಏನು ಬಿಡಬೇಕು ಎಂಬ ಕೊನೆಯ ಮಾತು ಇವರದು. ಕಾಗುಣಿತ, ಹೆಸರುಗಳ ರೂಪ, ವರ್ಷಗಳ ನಮೂದು ಮುಂತಾದ ನಿಯಮಗಳನ್ನು ಎರಡು ಪುಟ ಮೀರದಂತೆ ಮೊದಲೇ ಬರೆದುಕೊಡುವುದು ಇವರ ಪ್ರಥಮ ಕರ್ತವ್ಯ.

ಮೂರನೆಯವರು ಸಂಗ್ರಹಪಾಲಕರು. ಮನೆಗಳಿಂದ ಬಂದ ಪ್ರತಿಯೊಂದು ಚಿತ್ರಕ್ಕೂ ಕಾಗದಕ್ಕೂ ಅಂಕಿಯಿತ್ತು, ಯಾರಿಂದ ಬಂದಿತು, ಯಾವಾಗ ಹಿಂದಿರುಗಿತು ಎಂಬುದನ್ನು ದಾಖಲೆಯ ಪುಸ್ತಕದಲ್ಲಿ ಬರೆಯುವವರು. ಗ್ರಂಥಪಾಲಕರಿಗೆ ಇದು ಕರತಲಾಮಲಕ.

ನಾಲ್ಕನೆಯವರು ತಂತ್ರಜ್ಞರು. ತಾಣವನ್ನು ಕಟ್ಟುವವರು. ಇವರು ಸಂಬಳದವರಾಗಿರಲಿ, ಹಳೆಯ ವಿದ್ಯಾರ್ಥಿಯಾಗಿ ಸೇವೆ ಸಲ್ಲಿಸುವವರಾಗಿರಲಿ, ತಮ್ಮ ಕೆಲಸವನ್ನು ಇನ್ನೊಬ್ಬರು ಮುಂದುವರಿಸಬಲ್ಲಂತೆ ಬರೆದಿಡಬೇಕೆಂಬ ಕರಾರು ಇರತಕ್ಕದ್ದು.

ಐದನೆಯವರು ಪರೀಕ್ಷಕರು. ಸಿದ್ಧವಾದುದನ್ನು ಓದುಗನ ಕಣ್ಣಿನಿಂದ ನೋಡಿ ದೋಷ ಹೇಳುವವರು. ಕಟ್ಟಿದವರೇ ಪರೀಕ್ಷಿಸಿದರೆ ತಮ್ಮ ತಪ್ಪು ತಮಗೆ ಕಾಣದು. ಕರಡು ತಿದ್ದಿದ ಅನುಭವವುಳ್ಳವರೆಲ್ಲರೂ ಇದನ್ನು ಬಲ್ಲರು.

ಈ ಐವರ ಸುತ್ತ, ನಾಲ್ಕು ಊರುಗಳಿಗೆ ನಾಲ್ವರು ಸಂಗ್ರಾಹಕರು. ಚನ್ನಗಿರಿಯ ಮನೆಗಳನ್ನು ಬಲ್ಲವರು ಜಗಳೂರಿನಲ್ಲಿ ಅಪರಿಚಿತರು. ಆಯಾ ಊರಿನವರೇ ಆಯಾ ಊರಿನಲ್ಲಿ ನಡೆಯಬೇಕು. ಇನ್ನು ಕರಡು ತಿದ್ದುವವರು ಎಷ್ಟು ಮಂದಿಯಾದರೂ ಸೇರಲಿ. ಅವರು ಸಂಪಾದಕರೊಬ್ಬರೊಡನೆ ಮಾತ್ರ ವ್ಯವಹರಿಸುವುದರಿಂದ ಗೊಂದಲವಿಲ್ಲ. ಒಂದು ಹೊಣೆಗೆ ಒಂದೇ ಹೆಸರು: ಇದು ಮಂಡಲಿಯ ಮೂಲಸೂತ್ರವಾಗಬೇಕು.

ಕೆಲಸದ ಅಳತೆ

ಬಟ್ಟೆ ಕತ್ತರಿಸುವ ಮೊದಲು ಅಳತೆ ತೆಗೆದುಕೊಳ್ಳುವುದು ಲೋಕರೂಢಿ. ಜಾಲತಾಣದ ವಿಷಯದಲ್ಲಿ ಈ ಅಳತೆಯನ್ನೇ ನಾವು ಮರೆಯುತ್ತೇವೆ. ಒಂದು ಉದಾಹರಣೆಯ ಲೆಕ್ಕ ಹಾಕೋಣ. ಹಳೆಯ ವಾರ್ಷಿಕ ಸಂಚಿಕೆಗಳು 40 ಇವೆ, ಒಂದೊಂದರಲ್ಲಿ 150 ಪುಟಗಳಿವೆ ಎಂದಿಟ್ಟುಕೊಂಡರೆ ಒಟ್ಟು 6000 ಪುಟಗಳಾದವು. ಪುಟದ ಚಿತ್ರ ತೆಗೆದು ಅದರಿಂದ ಅಕ್ಷರಗಳನ್ನು ಗುರುತಿಸಿಕೊಡುವ ತಂತ್ರಾಂಶಗಳು ಇಂದು ಕನ್ನಡಕ್ಕೂ ಉಂಟು. ಆದರೆ ಹಳೆಯ ಮೊಳೆಯಚ್ಚಿನ ಪುಟಗಳಲ್ಲಿ ಮಸಿ ಹರಡಿದ್ದರೆ, ಒತ್ತಕ್ಷರ ಮುರಿದಿದ್ದರೆ ಅವು ತಪ್ಪುತ್ತವೆ. ಮನುಷ್ಯನೊಬ್ಬನು ಓದಿ ತಿದ್ದಲೇಬೇಕು. ಪುಟಕ್ಕೆ ಕಾಲು ಗಂಟೆಯೆಂದರೂ 6000 ಪುಟಗಳಿಗೆ 1500 ಗಂಟೆಗಳಾದವು.

ಪಾಠಪ್ರವಚನಗಳಿರುವ ಅಧ್ಯಾಪಕರು ವಾರಕ್ಕೆ ಐದು ಗಂಟೆ ಕೊಟ್ಟರೆ ಅದೇ ದೊಡ್ಡದು. ಇಪ್ಪತ್ತು ವಾರಗಳಿಗೆ ಒಬ್ಬರಿಂದ ನೂರು ಗಂಟೆ. ಎಂದರೆ ಹದಿನೈದು ಮಂದಿ ಬೇಕು. ಐವರೇ ಸಿಕ್ಕಿದರೆ? ಐದುನೂರು ಗಂಟೆಗಳಲ್ಲಿ ಎರಡು ಸಾವಿರ ಪುಟಗಳು ಮಾತ್ರ ಆದಾವು. ಆಗ ಮಾಡಬೇಕಾದುದು ಆ ಐವರನ್ನು ರಾತ್ರಿಯೆಲ್ಲ ದುಡಿಸುವುದಲ್ಲ, ಕೆಲಸವನ್ನೇ ಮೊಟಕುಗೊಳಿಸುವುದು. ಎಲ್ಲ 6000 ಪುಟಗಳನ್ನು ಚಿತ್ರರೂಪದಲ್ಲಿ ಹಾಕೋಣ. ಲೇಖನ ಮತ್ತು ಲೇಖಕರ ಹೆಸರುಗಳ ಸೂಚಿಯನ್ನು ಎಲ್ಲ ಸಂಚಿಕೆಗಳಿಗೂ ಸಿದ್ಧಪಡಿಸೋಣ. ಅಕ್ಷರರೂಪಕ್ಕೆ ಆಯ್ದ 2000 ಪುಟಗಳನ್ನು ಮಾತ್ರ ತರೋಣ. ಉಳಿದುದು ಮುಂದಿನ ವರ್ಷಕ್ಕಿರಲಿ. ಕೆಲಸ, ಜನ, ಕಾಲ ಎಂಬ ಮೂರರಲ್ಲಿ ಎರಡನ್ನು ನಾವು ಗೊತ್ತುಮಾಡಬಹುದು. ಮೂರನೆಯದನ್ನು ಲೆಕ್ಕವೇ ಗೊತ್ತುಮಾಡುತ್ತದೆ. ಇದನ್ನು ದಾನಿಗಳಿಗೂ ಆರಂಭದಲ್ಲಿಯೇ ತಿಳಿಸುವುದು ಪ್ರಾಮಾಣಿಕತೆ.

ಮೊದಲು ಯಾವುದು?

ಈ ಲೇಖನದಲ್ಲಿ ನಾನು ಒತ್ತಿ ಹೇಳಬಯಸುವ ಮಾತು ಇದೊಂದೇ. ಸಾಮಾನ್ಯವಾಗಿ ಮುಖಪುಟದ ವಿನ್ಯಾಸದಿಂದ ಕೆಲಸ ಆರಂಭವಾಗುತ್ತದೆ. ಹಿರಿಯರ ನೆನಪುಗಳ ಸಂಗ್ರಹ ಕೊನೆಗೆ ಉಳಿಯುತ್ತದೆ. ಇದು ತಲೆಕೆಳಗಾದ ಕ್ರಮ. ಯಾವುದು ಬೇಗ ಅಳಿಯುವುದೋ ಅದನ್ನು ಮೊದಲು ಉಳಿಸಬೇಕು. ವಿನ್ಯಾಸವನ್ನು ಯಾವ ವರ್ಷವಾದರೂ ಮಾಡಬಹುದು. ಕಾಗದ ಇನ್ನಷ್ಟು ಕಾಲ ತಾಳೀತು. ಚಿತ್ರಗಳು ಗೆದ್ದಲಿಗೂ ತೇವಕ್ಕೂ ಅದಕ್ಕಿಂತ ಬೇಗ ತುತ್ತಾಗುತ್ತವೆ. ಎಲ್ಲಕ್ಕಿಂತ ಬೇಗ ಅಳಿಯುವುದು ಮನುಷ್ಯನ ನೆನಪು. ಹಳೆಯ ತರಗತಿಯ ಗುಂಪುಚಿತ್ರದಲ್ಲಿ ಹಿಂದಿನ ಸಾಲಿನ ಎಡದಿಂದ ಮೂರನೆಯವರು ಯಾರೆಂಬುದನ್ನು ಹೇಳಬಲ್ಲವರು ಇಂದು ಎಂಬತ್ತರ ಆಚೀಚೆ ಇದ್ದಾರೆ. ಅವರು ಹೋದ ಮೇಲೆ ಆ ಚಿತ್ರದಲ್ಲಿ ಮುಖಗಳಿರುತ್ತವೆ, ಹೆಸರುಗಳಿರುವುದಿಲ್ಲ. ಆದುದರಿಂದ ಕಾಲಯೋಜನೆಯ ಮೊದಲ ದಿನ ಕಂಪ್ಯೂಟರಿನ ಮುಂದೆ ಕಳೆಯತಕ್ಕದ್ದಲ್ಲ. ಅಂಥ ಹಿರಿಯರ ಮನೆಯ ಜಗಲಿಯಲ್ಲಿ ಕಳೆಯತಕ್ಕದ್ದು.

ವರ್ಷದ ಕಾಲಕ್ರಮ

ನಮ್ಮ ಸೀಮೆಯ ಯೋಜನೆಗೆ ಶಾಲೆಯ ಪಂಚಾಂಗವೂ ಬೇಸಾಯದ ಪಂಚಾಂಗವೂ ಎರಡೂ ಆಧಾರವಾಗಬೇಕು. ಶಾಲೆ ತೆರೆಯುವ ಜೂನ್ ತಿಂಗಳಿಂದ ಮುಂದಿನ ಬಸವ ಜಯಂತಿಯವರೆಗೆ, ಅಂದರೆ ಹತ್ತು ಹನ್ನೊಂದು ತಿಂಗಳ ಅವಧಿಯನ್ನು ಹೀಗೆ ವಿಂಗಡಿಸಬಹುದು.

ಜೂನ್ ಮತ್ತು ಜುಲೈ: ತಾಣದ ಉದ್ದೇಶವನ್ನು ಒಂದೇ ಪುಟದಲ್ಲಿ ಬರೆದು ಆಡಳಿತ ಮಂಡಲಿಯ ಒಪ್ಪಿಗೆ ಪಡೆಯುವುದು. ಐವರನ್ನು ಗೊತ್ತುಮಾಡುವುದು. ಶಾಲೆಯಲ್ಲಿಯೇ ಇರುವ ಸಂಚಿಕೆ, ದಾಖಲೆ, ಚಿತ್ರಗಳ ಪಟ್ಟಿ ಮಾಡುವುದು. ಇದೇ ಸಮಯದಲ್ಲಿ ಅತಿ ಹಿರಿಯ ಇಪ್ಪತ್ತು ಮೂವತ್ತು ಮಂದಿಯ ಮನೆಗೆ ಹೋಗಿ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳುವುದು.

ಆಗಸ್ಟ್ ಮತ್ತು ಸೆಪ್ಟೆಂಬರ್: ಒಂದೇ ಒಂದು ಸಂಚಿಕೆಯನ್ನು ತೆಗೆದುಕೊಂಡು ಚಿತ್ರೀಕರಣ, ಅಕ್ಷರರೂಪ, ಕರಡು, ಪರೀಕ್ಷೆ ಎಂಬ ಎಲ್ಲ ಹಂತಗಳನ್ನೂ ದಾಟಿಸಿ ನೋಡುವುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು. ಪುಟಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯುವುದೆಂಬುದು ಇಲ್ಲಿ ತಿಳಿದುಬರುತ್ತದೆ. ಮೇಲಿನ ಲೆಕ್ಕವನ್ನು ಇದರಿಂದ ತಿದ್ದಿಕೊಳ್ಳಬೇಕು. ಪುಟಗಳ ಚಿತ್ರ ಅಂಗುಲಕ್ಕೆ 300 ಚುಕ್ಕಿಗಳಿಗೆ ಕಡಿಮೆಯಿಲ್ಲದಂತಿರಲಿ.

ಅಕ್ಟೋಬರಿನಿಂದ ಡಿಸೆಂಬರ್: ಉಳಿದ ಸಂಚಿಕೆಗಳ ಕೆಲಸ. ತಂತ್ರಜ್ಞರು ಈ ಅವಧಿಯಲ್ಲಿಯೇ ಬದಿಯಲ್ಲಿ ತಾಣವನ್ನು ಕಟ್ಟಬಹುದು. ಈ ಎರಡು ಕೆಲಸಗಳು ಜೊತೆಜೊತೆಗೆ ನಡೆಯತಕ್ಕವು. ಒಂದು ಇನ್ನೊಂದನ್ನು ಕಾಯಬೇಕಿಲ್ಲ. ಆದರೆ ಈಗ ಊರುಗಳಿಗೆ ಸಂಗ್ರಹಕ್ಕೆ ಹೊರಡುವುದು ವ್ಯರ್ಥ. ಚನ್ನಗಿರಿಯ ಕಡೆ ಅಡಿಕೆಯ ಕೊಯ್ಲು, ಸುಲಿತ, ಬೇಯಿಸುವ ಗಡಿಬಿಡಿ. ಜಗಳೂರಿನ ಕಡೆ ಮೆಕ್ಕೆಜೋಳದ ಒಕ್ಕಣೆ. ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ಹಳೆಯ ಚಿತ್ರ ಹುಡುಕಿಕೊಡಲು ಯಾರಿಗೂ ಪುರಸೊತ್ತಿರದು.

ಜನವರಿ ಮತ್ತು ಫೆಬ್ರವರಿ: ಸಂಕ್ರಾಂತಿ ಕಳೆದ ಮೇಲೆ ನಾಲ್ಕು ಊರುಗಳ ಸಂಗ್ರಾಹಕರೂ ಮನೆಮನೆಗೆ ಹೋಗಲಿ. ಚಿತ್ರವನ್ನು ಆ ಮನೆಯಲ್ಲಿಯೇ ತೆಗೆದುಕೊಂಡು ಮೂಲವನ್ನು ಅಲ್ಲಿಯೇ ಬಿಟ್ಟುಬರುವುದು ಲೇಸು. ಕಳೆಯಿತೆಂಬ ಅಪವಾದಕ್ಕೆ ಎಡೆಯಿರದು.

ಮಾರ್ಚ್: ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕಾಲ. ಸೇವೆಯಲ್ಲಿರುವ ಅಧ್ಯಾಪಕರಿಗೆ ಈ ತಿಂಗಳು ತಾಣದ ಕೆಲಸವನ್ನು ಕೊಡಲೇಕೂಡದು. ಶಾಲೆಗಾಗಿ ತಾಣವೇ ಹೊರತು ತಾಣಕ್ಕಾಗಿ ಶಾಲೆಯಲ್ಲ. ನಿವೃತ್ತರೂ ತಂತ್ರಜ್ಞರೂ ಜೋಡಣೆಯನ್ನು ಮುಗಿಸಲಿ.

ಏಪ್ರಿಲ್: ಪರೀಕ್ಷಣೆ. ಐವರು ಸಾಮಾನ್ಯ ಓದುಗರನ್ನು ಕೂರಿಸಿ, ಕೈಯಲ್ಲಿರುವ ಮೊಬೈಲಿನಲ್ಲಿಯೇ ಇಂಥ ವರ್ಷದ ಇಂಥ ಲೇಖನವನ್ನು ಹುಡುಕಿರೆಂದು ಹೇಳಿ, ಬಾಯಿಬಿಡದೆ ನೋಡುತ್ತಿರಬೇಕು. ಅವರು ಎಲ್ಲಿ ತಡವರಿಸುವರೋ ಅಲ್ಲಿ ತಪ್ಪು ನಮ್ಮದು. ತಿದ್ದಿ, ಬಸವ ಜಯಂತಿಯಂದು ಸಿದ್ಧವಿದ್ದಷ್ಟನ್ನು ಲೋಕಾರ್ಪಣ ಮಾಡುವುದು.

ಈ ಇಡೀ ಅವಧಿಯಲ್ಲಿ ಐದರಲ್ಲೊಂದು ಪಾಲನ್ನು ಯಾವ ಕೆಲಸಕ್ಕೂ ಹಂಚದೆ ಕಾದಿರಿಸಬೇಕು. ಜ್ವರ, ಮದುವೆ, ವಿದ್ಯುತ್ತಿನ ಕೊರತೆ, ಚುನಾವಣೆಯ ಕೆಲಸ ಇವು ಬಾರದ ವರ್ಷವಿಲ್ಲ.

ಅಕ್ಷರ ಮತ್ತು ಹೆಸರು

ಕೆಲವು ನಿರ್ಣಯಗಳನ್ನು ಆರಂಭದಲ್ಲಿಯೇ ಮಾಡಬೇಕು. ಅನಂತರ ತಿದ್ದುವುದು ದುಸ್ತರ. ಒಂದು, ಬರಹವೆಲ್ಲವೂ ಯೂನಿಕೋಡಿನಲ್ಲಿಯೇ ಇರತಕ್ಕದ್ದು. ಹಳೆಯ ಕಡತಗಳು ಹಳೆಯ ಬಗೆಯ ಲಿಪಿವಿನ್ಯಾಸಗಳಲ್ಲಿದ್ದರೆ ಅವುಗಳನ್ನು ಪರಿವರ್ತಿಸಬೇಕು. ಆ ಲಿಪಿಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ನೆಲೆಸಿದ್ದವು: 'ಧರ್ಮ' ಎಂಬಲ್ಲಿ ಅರ್ಕಾವೊತ್ತು ಮಕಾರದ ಅನಂತರ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ: ರೇಫ ಮೊದಲು, ಮಕಾರ ಅನಂತರ. ಪರಿವರ್ತನೆಯಲ್ಲಿ ಈ ಸ್ಥಾನಪಲ್ಲಟ ಸರಿಯಾಗದಿದ್ದರೆ ರೇಫ ಬೇರೆ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಆದುದರಿಂದ ಕರಡು ತಿದ್ದುವವರು ಅರ್ಕಾವೊತ್ತಿನ ಮೇಲೆ ವಿಶೇಷವಾಗಿ ಕಣ್ಣಿಡಬೇಕು.

ಒಮ್ಮೆ ಲೋಕಕ್ಕೆ ಬಿಟ್ಟ ಹೆಸರನ್ನು ಹಿಂತೆಗೆಯುವುದು ಎಷ್ಟು ಕಷ್ಟವೆಂಬುದಕ್ಕೆ ಯೂನಿಕೋಡಿನಲ್ಲಿಯೇ ಒಂದು ದೃಷ್ಟಾಂತವಿದೆ. ಹಳಗನ್ನಡದ ೞಕಾರಕ್ಕೆ ಅಲ್ಲಿ 'ಫಾ' ಎಂಬ ತಪ್ಪು ಹೆಸರು ದಾಖಲಾಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಹೆಸರು ಇಂದಿಗೂ ಹಾಗೆಯೇ ಉಳಿದಿದೆ. ಪಕ್ಕದಲ್ಲಿ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಬೇಕಾಯಿತು.

ಎರಡನೆಯ ನಿರ್ಣಯ ಊರುಗಳ ವಿಂಗಡಣೆಯದು. ಬಿ. ಎಲ್. ರೈಸರು 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟವನ್ನು ಪ್ರಕಟಿಸಿದಾಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಶಿವಮೊಗ್ಗ ಜಿಲ್ಲೆಯ ಸಂಪುಟದಲ್ಲಿ ಸೇರಿದವು; ಜಗಳೂರಿನವು ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟದಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ಉದಯಿಸಿದಾಗ ಈ ತಾಲ್ಲೂಕುಗಳು ಒಂದೇ ಜಿಲ್ಲೆಗೆ ಬಂದವು. ಹೊನ್ನಾಳಿ ತಾಲ್ಲೂಕಿನಲ್ಲಿದ್ದ ನ್ಯಾಮತಿ, 2017-18ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. ನಮ್ಮ ಹಳೆಯ ದಾಖಲಾತಿ ಪುಸ್ತಕದಲ್ಲಿ 'ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ' ಎಂದಿರುವ ವಿದ್ಯಾರ್ಥಿಯ ಊರು ಇಂದು ನ್ಯಾಮತಿ ತಾಲ್ಲೂಕು, ದಾವಣಗೆರೆ ಜಿಲ್ಲೆಯಾಗಿರಬಹುದು. ತಾಣದ ಪುಟಗಳ ವಿಳಾಸಕ್ಕೆ ತಾಲ್ಲೂಕಿನ ಹೆಸರನ್ನು ಬಳಸಿದರೆ ಗಡಿ ಬದಲಾದಾಗ ವಿಳಾಸವೂ ಕೆಡುತ್ತದೆ. ಪ್ರತಿಯೊಂದು ವಸ್ತುವಿಗೂ ಬದಲಾಗದ ಒಂದು ಅಂಕಿಯಿರಲಿ. ಹಳೆಯ ತಾಲ್ಲೂಕು, ಇಂದಿನ ತಾಲ್ಲೂಕು ಎರಡೂ ವಿವರದಲ್ಲಿರಲಿ. ಚನ್ನಗಿರಿಯನ್ನು ಚೆನ್ನಗಿರಿಯೆಂದು ಬರೆದು ಹುಡುಕುವವನಿಗೂ ದಾರಿ ಸಿಗುವಂತಿರಲಿ.

ಅನುಮತಿ ಮತ್ತು ಪಾಲನೆ

ಹಳೆಯ ಸಂಚಿಕೆಯ ಲೇಖನಗಳ ಹಕ್ಕು ಸಾಮಾನ್ಯವಾಗಿ ಆಯಾ ಲೇಖಕರದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ನಿಧನರಾದ ವರ್ಷದ ಅನಂತರ ಅರವತ್ತು ವರ್ಷ ಆ ಹಕ್ಕು ಉಳಿಯುತ್ತದೆ. 1964ರಲ್ಲಿ ಲಿಂಗೈಕ್ಯರಾದ ಹಳಕಟ್ಟಿಯವರ ಬರಹಗಳು 2025ರ ಆರಂಭದಿಂದ ಸರ್ವರ ಸೊತ್ತಾದುದು ಹೀಗೆ. ಉಳಿದವರಿಂದ, ಅಥವಾ ಅವರ ಮನೆಯವರಿಂದ, ಒಂದು ಸಾಲಿನ ಒಪ್ಪಿಗೆಪತ್ರ ಪಡೆಯುವುದು ಸಂಗ್ರಾಹಕರ ಕೆಲಸದಲ್ಲಿ ಸೇರಲಿ. ಇಂದಿನ ವಿದ್ಯಾರ್ಥಿಗಳ ಚಿತ್ರ, ಅಂಕ, ವಿಳಾಸಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹದಿನೆಂಟು ತುಂಬದವರ ವಿವರಗಳಿಗೆ ತಂದೆತಾಯಿಗಳ ಒಪ್ಪಿಗೆ ಇರಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ.

ತಾಣದ ಹೆಸರು ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಲಿ. ನವೀಕರಣದ ಸೂಚನೆ ವ್ಯಕ್ತಿಯ ಅಂಚೆಗಲ್ಲ, ಕಚೇರಿಯ ಅಂಚೆಗೆ ಬರಲಿ. ಆ ದಿನಾಂಕ ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿಯೂ ಇರಲಿ. ಗುಪ್ತಪದಗಳು ಮುಚ್ಚಿದ ಲಕೋಟೆಯಲ್ಲಿ ಸಂಸ್ಥೆಯ ಬೀರುವಿನಲ್ಲಿರಲಿ. ಸಂಗ್ರಹದ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಊರಿನಲ್ಲಿ ಇರಬೇಕೆಂಬುದು ಬಲ್ಲವರ ಮತ. ತುಂಗಭದ್ರೆಯ ನೆರೆಯನ್ನು ಕಂಡ ಹೊನ್ನಾಳಿಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಂದು ಪ್ರತಿ ಹೊಳೆಯ ದಂಡೆಯಲ್ಲಿದ್ದರೆ ಇನ್ನೊಂದು ಮಳೆಯೇ ಅಪರೂಪವಾದ ಜಗಳೂರಿನಲ್ಲಿರಲಿ!

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಇಂದಿನ ಶಾಂತಿಸಾಗರವನ್ನು, ಕಂಡವರು ಒಂದು ಮಾತನ್ನು ಬಲ್ಲರು. ಶಾಂತವ್ವೆಯೆಂಬವಳು ಅದನ್ನು ಕಟ್ಟಿಸಿದಳೆಂದು ಐತಿಹ್ಯವಿದೆ. ಆದರೆ ಕಟ್ಟಿಸಿದವರಷ್ಟರಿಂದಲೇ ಕೆರೆ ಉಳಿಯುವುದಿಲ್ಲ. ಏರಿಯನ್ನು ನೋಡಿಕೊಳ್ಳುವವರು, ತೂಬನ್ನು ಎತ್ತಿ ಇಳಿಸುವ ನೀರುಗಂಟಿಗಳು, ಹೂಳು ತೆಗೆಯುವವರು ತಲೆಮಾರುಗಳುದ್ದಕ್ಕೂ ಬೇಕು. ಜಾಲತಾಣಕ್ಕೂ ಒಬ್ಬ ನೀರುಗಂಟಿ ಬೇಕು. ಉದ್ಘಾಟನೆಯ ಮರುದಿನವೇ ಆ ಹೊಣೆಯನ್ನು ಹೆಸರಿಟ್ಟು ಒಪ್ಪಿಸಬೇಕು. ದಾನಿಗಳು ಕೊಟ್ಟ ನಿಧಿಯಲ್ಲಿ ಒಂದು ಭಾಗವನ್ನು ಕಟ್ಟುವುದಕ್ಕೆ ಖರ್ಚುಮಾಡದೆ ಪಾಲನೆಗಾಗಿ ಠೇವಣಿಯಿಡಬೇಕು. ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಕೆತ್ತಲ್ಪಡುತ್ತದೆ. ಕಾಯ್ದವರ ಹೆಸರು ಕೆತ್ತಲ್ಪಡುವುದಿಲ್ಲ. ಕಾಯಕ ದಾಸೋಹಗಳ ಪರಂಪರೆಯಲ್ಲಿ ಬೆಳೆದ ನಮಗೆ ಅಂಥ ಹೆಸರಿಲ್ಲದ ಸೇವೆ ಅಪರಿಚಿತವಲ್ಲ.

ಕೊನೆಯದಾಗಿ ಒಂದು ಬಿನ್ನಹ. ಈ ಸಂಚಿಕೆಯನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಶಾಲೆಯ ಗುಂಪುಚಿತ್ರಗಳು ಇದ್ದೇ ಇರುತ್ತವೆ. ಸಮಿತಿಯಾಗಲಿ ತಾಣವಾಗಲಿ ಸಿದ್ಧವಾಗುವವರೆಗೆ ಕಾಯಬೇಡಿರಿ. ಈ ಭಾನುವಾರವೇ ಆ ಚಿತ್ರವನ್ನು ಕೆಳಗಿಳಿಸಿ, ಹಿರಿಯರ ಪಕ್ಕದಲ್ಲಿ ಕುಳಿತು, ಸಾಲುಸಾಲಾಗಿ 'ಇವರು ಯಾರು?' ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿರಿ. ತಾಣದ ಮೊದಲ ಪುಟ ಅಲ್ಲಿಯೇ ಸಿದ್ಧವಾಯಿತೆಂದು ತಿಳಿಯಿರಿ.